ಪದ ಉಳಿದೀತು, ಮಟ್ಟು ಉಳಿಯುವುದೇ?

ಆದೋನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿದವು. ಅದುವರೆಗೆ ಅವು ಬಳ್ಳಾರಿ ಜಿಲ್ಲೆಯವೇ, ಆ ಜಿಲ್ಲೆಯ ನಾಟಕದ ನಂಟಿನವೇ. ಧರ್ಮವರಂ ರಾಮಕೃಷ್ಣಮಾಚಾರ್ಯರು 1880ರ ದಶಕದಲ್ಲಿ ಬಳ್ಳಾರಿಯಲ್ಲಿ ಸರಸ ವಿನೋದಿನಿ ಸಭೆಯನ್ನು ಕಟ್ಟಿ, ಹಾಡು ಹೆಣೆದ ತೆಲುಗು ನಾಟಕಗಳನ್ನು ಆಡಿಸಿದರು. ಅವರ ಸೋದರಳಿಯ ಬಳ್ಳಾರಿ ರಾಘವ ತೆಲುಗು, ಕನ್ನಡ ಎರಡರಲ್ಲೂ ಬಣ್ಣ ಹಚ್ಚಿದರು. ಮುಂದೆ ಕನ್ನಡದ ಕಂಪನಿ ನಾಟಕಗಳೂ ಇದೇ ಸೀಮೆಯಲ್ಲಿ ಬೆಳೆದವು. ಆ ರಂಗಸಂಗೀತ ಇನ್ನು ಕೆಲವೇ ವರ್ಷಗಳಲ್ಲಿ ಮರಳಿ ಸಿಗದಂತೆ ಅಳಿಯಬಹುದು. ಇದಕ್ಕೆ ಕಾರಣಗಳು ಸ್ಪಷ್ಟವಾಗಿವೆ.

ನಾಟಕದ ಪುಸ್ತಕದಲ್ಲಿ ಹಾಡಿನ ಸಾಹಿತ್ಯ ಇರುತ್ತದೆ, ಸ್ವರಲಿಪಿ ಸಾಮಾನ್ಯವಾಗಿ ಇರುವುದಿಲ್ಲ. ರಾಗ, ತಾಳದ ಹೆಸರೋ, ಇಂಥ ಹಾಡಿನ ಮಟ್ಟು ಎಂಬ ಸೂಚನೆಯೋ ಇದ್ದರೆ ಹೆಚ್ಚು. ಸೂಚಿಸಿದ ಹಳೆಯ ಹಾಡು ಮರೆತುಹೋದರೆ ಅದನ್ನು ನೆಚ್ಚಿಕೊಂಡ ಹಾಡುಗಳೆಲ್ಲ ಮೂಕವಾಗುತ್ತವೆ. 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ಮೂರು ನಿಮಿಷ ಚಿಲ್ಲರೆ. ರಂಗದ ಮೇಲೆ ‘ವನ್ಸ್ ಮೋರ್’ ಕೂಗಿಗೆ ಬೆಳೆಯುತ್ತಿದ್ದ ಆಲಾಪ ಅದರಲ್ಲಿ ಕೂರುವಂತಿರಲಿಲ್ಲ. ಕಂಪನಿಯ ಜೀವನಾಡಿಯಾದ ಪೇಟಿಗೆ, ಅಂದರೆ ಹಾರ್ಮೋನಿಯಂಗೆ, 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ನಿಷೇಧವಿತ್ತು.

ಹೀಗಾಗಿ ಉಳಿದ ಆಸರೆ ಎರಡೇ: ಹಾಡಿದವರ ನೆನಪು ಮತ್ತು ಮನೆಮನೆಯಲ್ಲಿ ಆ ಹಾಡು ಹಿಡಿದಿಟ್ಟ ಕ್ಯಾಸೆಟ್ಟು. ನೆನಪಿನ ಲೆಕ್ಕ ಕಠೋರ. 1960ರಲ್ಲಿ ಇಪ್ಪತ್ತರ ಹರೆಯದಲ್ಲಿ ಕಂಪನಿ ಸೇರಿದವರಿಗೆ ಈಗ ಎಂಬತ್ತೈದು ದಾಟಿದೆ. ಕಂಪನಿ ನಾಟಕದ ನಟ ಏಣಗಿ ಬಾಳಪ್ಪ 2017ರಲ್ಲಿ ತೀರಿಕೊಂಡರು. ‘ರಕ್ತರಾತ್ರಿ’ ನಾಟಕದ ದ್ರೌಪದಿಯಾಗಿ ಹೆಸರಾದ ಸುಭದ್ರಮ್ಮ ಮನ್ಸೂರು 2020ರಲ್ಲಿ ಬಳ್ಳಾರಿಯಲ್ಲಿ ಹೋದರು.

ಇನ್ನು ಕ್ಯಾಸೆಟ್ಟು. ತೆಳು ಪ್ಲಾಸ್ಟಿಕ್ ಪಟ್ಟಿಗೆ ಕಾಂತೀಯ ಪುಡಿಯನ್ನು ಒಂದು ಅಂಟು ಹಿಡಿದಿಟ್ಟಿರುತ್ತದೆ. ಗಾಳಿಯ ತೇವ ಆ ಅಂಟನ್ನು ನಿಧಾನಕ್ಕೆ ಒಡೆಯುತ್ತದೆ, ಇದೇ ಜಲವಿಚ್ಛೇದನೆ. ಕೆಲವು ಬಗೆಯ ಟೇಪುಗಳಲ್ಲಿ ಇದು ಬೇಗ, ಕೆಲವುಗಳಲ್ಲಿ ತಡ. ಅರವತ್ತು ನಿಮಿಷದ ಕ್ಯಾಸೆಟ್ಟಿನ ಪಟ್ಟಿಯ ದಪ್ಪ ಸುಮಾರು 0.018 ಮಿಲಿಮೀಟರ್, ತೊಂಬತ್ತು ನಿಮಿಷದ್ದು 0.012. ಇಷ್ಟು ತೆಳುವಾದ್ದರಿಂದ ಒಂದು ಸುತ್ತಿನ ಧ್ವನಿ ಪಕ್ಕದ ಸುತ್ತಿಗೂ ಇಳಿದು, ಮಾತಿನ ಹಿಂದೆ ಮಂದ ಪ್ರತಿಧ್ವನಿ ಕೂರುತ್ತದೆ. ಬಿಸಿ ಹೆಚ್ಚಿದಷ್ಟೂ ಎರಡೂ ಹಾನಿ ಹೆಚ್ಚುತ್ತವೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಯ ವೇಗ ಸ್ಥೂಲವಾಗಿ ಇಮ್ಮಡಿ. ಟೇಪಿಗೆ ಹಿತವಾದುದು ಇಪ್ಪತ್ತು ಡಿಗ್ರಿಯ ಆಸುಪಾಸು. ಆದೋನಿಯ ಬೇಸಿಗೆ ನಲವತ್ತನ್ನು ದಾಟುತ್ತದೆ.

ಟೇಪು ಗಟ್ಟಿಯಿದ್ದರೂ ನುಡಿಸುವ ಯಂತ್ರ ಬೇಕಲ್ಲ? ಯುನೆಸ್ಕೊ ಮತ್ತು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ 2019ರಲ್ಲೇ ಎಚ್ಚರಿಸಿದ್ದವು: ಒಳ್ಳೆಯ ಯಂತ್ರ, ಬಿಡಿಭಾಗ, ರಿಪೇರಿ ಬಲ್ಲವರು ಕಡಿಮೆಯಾಗಿ 2025ರ ಹೊತ್ತಿಗೆ ಟೇಪುಗಳನ್ನು ನುಡಿಸುವುದೇ ಕಷ್ಟವಾಗಲಿದೆ. ಆ ವರ್ಷ ಬಂದೂ ಆಯಿತು.

ಗಡಿಯ ಪಾಡು ಇನ್ನೊಂದು ಕಷ್ಟ. ಆದೋನಿ, ಆಲೂರು, ಹೊಳಗುಂದ ಕಡೆಯ ಕನ್ನಡ ಮನೆಗಳ ಟೇಪು ಬೆಂಗಳೂರಿನ ಅಕಾಡೆಮಿಗಳಿಗೆ ಹೊರರಾಜ್ಯದ್ದು, ಆಂಧ್ರದ ಸಂಸ್ಥೆಗಳಿಗೆ ಬೇರೆ ಭಾಷೆಯದು. ಯಾರ ಪಟ್ಟಿಗೂ ಸೇರದೆ ಬಿಟ್ಟುಹೋಗುವ ಭಯ ನನಗಿದೆ.

ಉತ್ತಮ ಗುಣಮಟ್ಟದಲ್ಲಿ ಡಿಜಿಟಲ್ ಮಾಡಿದ ಒಂದು ಗಂಟೆಯ ಧ್ವನಿಗೆ ಬೇಕಾಗುವುದು ಸುಮಾರು ಎರಡು ಜಿಬಿ ಜಾಗ. ಜಾಗಕ್ಕೆ ಬರವಿಲ್ಲ, ಸಮಯಕ್ಕಿದೆ. ಮನೆಯ ಕ್ಯಾಸೆಟ್ಟಿನ ಮೇಲೆ ಹೆಚ್ಚಾಗಿ ಹೆಸರೇ ಇರದು. ಯಾವ ನಾಟಕ, ಯಾವ ಪ್ರವೇಶ, ಪೇಟಿ ಹಿಡಿದವರು ಯಾರು ಎಂಬುದನ್ನು ಕೇಳಿ ಗುರುತಿಸಬಲ್ಲವರು ಆ ಎಂಬತ್ತೈದು ದಾಟಿದವರೇ. ಆದ್ದರಿಂದ ಟೇಪನ್ನು ಮೊದಲು ಉಳಿಸಿ ಆಮೇಲೆ ಹಿರಿಯರನ್ನು ಹುಡುಕುವ ಕ್ರಮ ನಡೆಯದು; ಎರಡೂ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿಗೆ ಆಗಬೇಕು.