ದುಡಿದ ಮೈಗೂ ಬೇಕು ವ್ಯಾಯಾಮ

ಇಳಕಲ್ಲಿನಲ್ಲಿ ಗುಂಡಿಮಗ್ಗದ ಮುಂದೆ ಕುಳಿತ ನೇಕಾರರನ್ನು ಗಮನಿಸಿ. ಕೈ ಲಾಳಿಯನ್ನು ಓಡಿಸುತ್ತದೆ, ಗುಂಡಿಯೊಳಗೆ ಇಳಿಬಿಟ್ಟ ಕಾಲು ಹಲಗೆಯನ್ನು ತುಳಿಯುತ್ತದೆ. ಬೆನ್ನು ಮಾತ್ರ ಗಂಟೆಗಟ್ಟಲೆ ಬಾಗಿಯೇ ಇರುತ್ತದೆ. ಇಷ್ಟು ದುಡಿಯುವವರಿಗೆ ವ್ಯಾಯಾಮ ಏಕೆ ಎಂಬ ಪ್ರಶ್ನೆ ಸಹಜ. ಸ್ನಾಯುವಿಜ್ಞಾನದ ಉತ್ತರ ಬೇರೆಯೇ ಇದೆ.

ದೇಹದ ತೂಕದಲ್ಲಿ ಸುಮಾರು ಶೇ 40ರಷ್ಟು ಪಾಲು ಅಸ್ಥಿಸ್ನಾಯುಗಳದ್ದು. ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನ್ ಎಳೆಗಳು ಪರಸ್ಪರ ಜಾರುವುದರಿಂದ ಸ್ನಾಯು ಸಂಕುಚಿಸುತ್ತದೆ ಎಂಬ ವಿವರಣೆಯನ್ನು 1954ರಲ್ಲಿ ಎರಡು ಸಂಶೋಧಕ ತಂಡಗಳು ಮುಂದಿಟ್ಟವು. ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುವ ಕೆಲಸದಲ್ಲೂ ಸ್ನಾಯುಗಳದೇ ದೊಡ್ಡ ಪಾತ್ರ. ಆದರೆ ಅವು ಬಲಗೊಳ್ಳುವುದು ರೂಢಿಗಿಂತ ತುಸು ಹೆಚ್ಚಿನ ಭಾರ ಬಿದ್ದು, ಬಳಿಕ ವಿಶ್ರಾಂತಿ ದೊರೆತಾಗ. ಮಗ್ಗದಲ್ಲಿ ಇವೆರಡೂ ಇಲ್ಲ. ಕೈಕಾಲಿಗೆ ಸಾವಿರಾರು ಬಾರಿ ಅದೇ ಹಗುರ ಕೆಲಸ. ಬಿಗಿದೇ ಇರುವ ಬೆನ್ನಿನ ಸ್ನಾಯುಗಳಿಗೆ ರಕ್ತದ ಹರಿವೂ ಕಡಿಮೆ. ದುಡಿಮೆ ದಣಿಸುತ್ತದೆ, ಬೆಳೆಸುವುದಿಲ್ಲ.

ಈ ಸೂತ್ರ ನಮ್ಮ ನೆಲಕ್ಕೆ ಹೊಸದೇನಲ್ಲ. ಬಾಗಲಕೋಟೆ ಸೀಮೆಯ ಗರಡಿಮನೆಗಳಲ್ಲಿ ಸಾಮು ಮಾಡುವ ಹುಡುಗ ಮೊದಲ ದಿನವೇ ಸಂಗ್ರಾಣಿ ಕಲ್ಲನ್ನು ಎತ್ತುವುದಿಲ್ಲ. ಭಾರ ಹಂತಹಂತವಾಗಿ ಏರುತ್ತದೆ. ಬಾದಾಮಿಯ ಮರಳುಗಲ್ಲಿನ ಬಂಡೆ ಏರಲು ದೂರದಿಂದ ಬರುವ ಯುವಕರ ಅಭ್ಯಾಸವೂ ಅಂಥದೇ. ಆದರೆ ಗರಡಿ ಬಹುಮಟ್ಟಿಗೆ ಗಂಡುಹುಡುಗರದ್ದಾಗಿಯೇ ಉಳಿಯಿತು. ಕಂಡಿಕೆ ಸುತ್ತುವ ಮಹಿಳೆಯರಿಗೂ ವೃದ್ಧರಿಗೂ ಅಲ್ಲಿ ಜಾಗವಿರಲಿಲ್ಲ.

ಬಲವರ್ಧನೆಯ ಅಗತ್ಯ ಹೆಚ್ಚಿರುವುದು ಅವರಿಗೇ. ಅಮೆರಿಕದ ಬಾಸ್ಟನ್ನಿನಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಭಾರ ಎತ್ತುವ ತರಬೇತಿ ಕೊಟ್ಟಾಗ ಅದನ್ನು ಪೂರೈಸಿದವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿದ್ದು 1990ರಲ್ಲಿ ವರದಿಯಾಯಿತು. ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಚಟುವಟಿಕೆ, ಅದರೊಂದಿಗೆ ಎರಡು ದಿನ ಸ್ನಾಯುಬಲದ ವ್ಯಾಯಾಮ ವಯಸ್ಕರಿಗೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ.

ಇದಕ್ಕೆ ಯಂತ್ರ ಬೇಡ. ಗೋಡೆಗೆ ಕೈಯೂರಿ ದೇಹವನ್ನು ತಳ್ಳುವುದು, ಕುರ್ಚಿಯಿಂದ ಎದ್ದು ಕೂರುವುದು ಆರಂಭಕ್ಕೆ ಸಾಕು. ಹುನಗುಂದ, ಇಳಕಲ್ಲುಗಳ ಶಾಲಾ ಮೈದಾನಗಳೂ ಗರಡಿಮನೆಗಳೂ ಸಂಜೆ ಎಲ್ಲರಿಗೂ ತೆರೆಯಲಿ. ಆದರೆ ನೇಯ್ದ ಸೀರೆಯ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಮಗ್ಗ ಬಿಟ್ಟೆದ್ದ ಅರ್ಧ ಗಂಟೆಯೂ ನಷ್ಟವೇ. ವ್ಯಾಯಾಮದ ಉಪದೇಶ ಸುಲಭ. ಆ ಅರ್ಧ ಗಂಟೆಯ ಬೆಲೆಯನ್ನು ಕೂಲಿಯಲ್ಲಿ ಸೇರಿಸುವವರು ಯಾರು ಎಂಬುದೇ ಉಳಿದ ಪ್ರಶ್ನೆ.