ಬೆಂಜೊ ಪಾರ್ಟಿ ಮತ್ತು ರಾಕ್ ಬ್ಯಾಂಡ್

ಬೇರೆಯವರು ಕಟ್ಟಿ, ಹಾಡಿ, ರೆಕಾರ್ಡು ಮಾಡಿ ಹೆಸರು ಗಳಿಸಿದ ಹಾಡನ್ನು ಮತ್ತೊಬ್ಬರು ವೇದಿಕೆಯ ಮೇಲೆ ನುಡಿಸಿದರೆ ಅದಕ್ಕೆ ‘ಕವರ್’ ಅಂತಾರೆ. ಇಂಥ ಹಾಡುಗಳನ್ನೇ ನಂಬಿಕೊಂಡ ತಂಡ ಕವರ್ ಬ್ಯಾಂಡ್. ಪುಣೆ, ಬೆಂಗಳೂರುಗಳ ಪಬ್ಬುಗಳಲ್ಲಿ ಶನಿವಾರ ರಾತ್ರಿ ಗಿಟಾರು ಹಿಡಿದು ನಿಲ್ಲುವ ಹುಡುಗರಲ್ಲಿ ಬಹಳ ಮಂದಿ ಈ ಪೈಕಿಯವರು. ನಮ್ಮ ಸಂಘದಲ್ಲಿ ಇವರ ಮಾತು ಬಂದಾಗಲೆಲ್ಲ ‘ನಕಲು’ ಎಂಬ ಒಂದೇ ಶಬ್ದದಲ್ಲಿ ವಿಷಯ ಮುಗಿದುಹೋಗುತ್ತದೆ. ಅಷ್ಟು ಸಲೀಸಾಗಿ ಮುಗಿಸುವಂಥದ್ದಲ್ಲ ಅದು ಅಂತ ನನ್ನ ವಾದ.

ನಮ್ಮ ಮನೆ ಇರುವುದು ಕುರಕುಂಭದಲ್ಲಿ. ಪುಣೆಯಿಂದ ಸೊಲ್ಲಾಪುರಕ್ಕೆ ಹೋಗುವ 65ನೇ ಹೆದ್ದಾರಿಯ ಮೇಲೆ, ದೌಂಡ್ ಜಂಕ್ಷನ್ನಿಗೆ ಹತ್ತಿರ. ಒಂದು ಕಡೆ ಫಿರಂಗಾಯಿ ದೇವಿಯ ಗುಡಿ, ಇನ್ನೊಂದು ಕಡೆ ಎಂಐಡಿಸಿಯ ಔಷಧಿ, ರಸಾಯನದ ಕಾರ್ಖಾನೆಗಳು. ಇಲ್ಲಿ ಬಂದು ರಾಕ್ ಸಂಗೀತದ ಪಬ್ಬು ಹುಡುಕಬೇಡಿ. ಆದರೆ ಕವರ್ ಬ್ಯಾಂಡ್ ಇಲ್ಲ ಅನ್ನುವ ಹಾಗಿಲ್ಲ. ನಮ್ಮ ಕಡೆ ಅದರ ಹೆಸರು ಬೆಂಜೊ ಪಾರ್ಟಿ.

ಬೆಂಜೊ ಅಂದ್ರೆ ಅಮೆರಿಕದ ಬ್ಯಾಂಜೊ ಅಲ್ಲ. 1912ರಲ್ಲಿ ಜಪಾನಿನ ನಗೋಯಾದಲ್ಲಿ ಮೊರಿತಾ ಗೊರೊ ಎಂಬಾತ ಟೈಪ್‌ರೈಟರಿನಂಥ ಕೀಲಿಗಳನ್ನು ತಂತಿಯ ಮೇಲೆ ಕೂರಿಸಿ ‘ತೈಶೊಗೊತೊ’ ಎಂಬ ವಾದ್ಯ ಮಾಡಿದ. ಅದು ನಮ್ಮ ದೇಶಕ್ಕೆ ಬಂದು ಬುಲ್‌ಬುಲ್ ತರಂಗ ಆಯಿತು. ಮಹಾರಾಷ್ಟ್ರದಲ್ಲಿ ಅದಕ್ಕೆ ವಿದ್ಯುತ್ ಪಿಕಪ್ ಹಚ್ಚಿ, ಆಂಪ್ಲಿಫಯರಿಗೆ ಜೋಡಿಸಿ, ಬೆಂಜೊ ಅಂದರು. ಎಡಗೈ ಕೀಲಿ ಒತ್ತುತ್ತದೆ, ಬಲಗೈ ತಂತಿ ಮೀಟುತ್ತದೆ. ಜೊತೆಗೆ ಕೀಬೋರ್ಡು, ಆಕ್ಟೋಪ್ಯಾಡು, ಢೋಲಕಿ, ತಾಶಾ. ಎಲ್ಲವನ್ನೂ ಟೆಂಪೋದ ಮೇಲೆ ಹೇರಿಕೊಂಡು ಮದುವೆಯ ವರಾತಿನ ಮುಂದೆ, ಗಣಪತಿಯ ಮುಂದೆ ಸಾಗುವುದು. ಸಿನಿಮಾ ಹಾಡೇ ಅವರ ಬಂಡವಾಳ. ಬೆಂಜೊದಲ್ಲಿ ಮಾತಿಲ್ಲ, ಹಾಡಿನ ಮಾತನ್ನು ತಂತಿಯೇ ಆಡಬೇಕು. ಲತಾ ಮಂಗೇಶಕರ್ ಎಲ್ಲಿ ಉಸಿರು ಎಳೆದುಕೊಂಡಿದ್ದಾರೋ ಅಲ್ಲಿ ಬಲಗೈ ತಡೆಯಬೇಕು. ತಡೆಯದಿದ್ದರೆ ಕುಣಿಯುವ ಹುಡುಗರ ಕಾಲೇ ಹೇಳಿಬಿಡುತ್ತದೆ, ಏನೋ ತಪ್ಪಿತು ಅಂತ.

ನಮ್ಮ ಓಣಿಯ ಒಬ್ಬ ಅಣ್ಣ ಹೀಗೆ ತಾಶಾ ಬಾರಿಸಿ ಬೆಳೆದವನು. ಅಕ್ಕಲಕೋಟೆ ಕಡೆಯವನು, ಕನ್ನಡ ಶಾಲೆಯವನು, ನನ್ನ ಹಾಗೇ. ಈಗ ಕಾರ್ಖಾನೆಯಲ್ಲಿ ಪಾಳಿ ಕೆಲಸ. ರಜೆಯ ದಿನ ದೌಂಡಿನಿಂದ ರೈಲು ಹಿಡಿದು ಪುಣೆಗೆ ಹೋಗಿ ಐದು ಜನರ ರಾಕ್ ತಂಡದಲ್ಲಿ ಡ್ರಮ್ಸ್ ಬಾರಿಸುತ್ತಾನೆ. ಅವನ ಜೊತೆ ಒಮ್ಮೆ ನಾನೂ ಹೋದೆ. ಮಹಾರಾಷ್ಟ್ರದಲ್ಲಿ ಬಿಯರಿಗೆ 21 ವರ್ಷ, ವಿಸ್ಕಿ-ಬ್ರಾಂದಿಗೆ 25. ನನಗೆ 20. ಊಟದ ಕಡೆಯ ಮೇಜಿನಲ್ಲಿ ಕೂತು ನಿಂಬೆ ಸೋಡಾ ಕುಡಿದೆ. ನಮ್ಮ ಅವ್ವ ಇದನ್ನು ಓದಿದರೂ ಅಡ್ಡಿಯಿಲ್ಲ.

ರೆಕಾರ್ಡಿನಲ್ಲಿ ಕೇಳುವುದಕ್ಕೂ ಎದುರಿಗೆ ಕೂತು ಕೇಳುವುದಕ್ಕೂ ಮೊದಲ ವ್ಯತ್ಯಾಸ ಬೇಸ್ ಗಿಟಾರು. ನಾಲ್ಕು ದಪ್ಪ ತಂತಿಯ ಆ ವಾದ್ಯದ ನಾದ ಮೊಬೈಲಿನಲ್ಲಿ ಬಹುಪಾಲು ಸತ್ತೇಹೋಗಿರುತ್ತದೆ. ಅಲ್ಲಿ ಅದು ಕಿವಿಗಿಂತ ಮೊದಲು ಎದೆಗೆ, ಕುರ್ಚಿಗೆ ತಟ್ಟುತ್ತದೆ. ಡ್ರಮ್ಮಿನವನ ಬಲಗಾಲಿನ ಪೆಟ್ಟು, ಬೇಸಿನವನ ಬೆರಳು ಎರಡೂ ಒಂದೇ ಕ್ಷಣಕ್ಕೆ ಬಿದ್ದರೆ ತಂಡ ನಿಂತಿತು ಅಂತ ಲೆಕ್ಕ. ಮೇಲಿನ ಗಿಟಾರಿನವ ಏನು ಬೆಡಗು ತೋರಿದರೂ ಮನೆಯ ಪಾಯ ಈ ಇಬ್ಬರದೇ. ಅಣ್ಣ ಹೇಳಿದ ಮಾತು ಇದು: “ತಮ್ಮಾ, ತಾಶಾದಾಗ ಕೈ ಓಡಿಸೋದು ಕಲ್ತೆ. ಇಲ್ಲಿ ಕೈ ತಡಿಯೋದು ಕಲೀಲಿಕ್ಕೆ ಹತ್ತೀನಿ.”

ಹಾಡುಗಳ ಕ್ರಮಕ್ಕೂ ಒಂದು ವ್ಯವಹಾರ ಇದೆ. ಮಂದಿ ಊಟಕ್ಕೆ ಹೇಳುವ ಹೊತ್ತಿಗೆ ಮೆಲುವಾದದ್ದು, ಮೇಜು ತುಂಬಿದ ಮೇಲೆ ಎಲ್ಲರಿಗೂ ಗೊತ್ತಿರುವುದು. ಡೀಪ್ ಪರ್ಪಲ್ ತಂಡದ ‘ಸ್ಮೋಕ್ ಆನ್ ದ ವಾಟರ್’ ಶುರುವಾಯಿತೋ ಇಲ್ಲವೋ, ಅಲ್ಲಿತನಕ ಬೆನ್ನು ತಿರುಗಿಸಿ ಕೂತವರೂ ತಿರುಗಿದರು. 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಮೊಂತ್ರೊ ಊರಿನ ಕ್ಯಾಸಿನೊ, ಬೇರೊಂದು ತಂಡದ ಕಛೇರಿ ನಡೆಯುವಾಗಲೇ ಬೆಂಕಿ ಬಿದ್ದು ಸುಟ್ಟುಹೋಯಿತು. ಅಲ್ಲಿ ರೆಕಾರ್ಡು ಮಾಡಲು ಹೋಗಿದ್ದ ಇವರು ಸರೋವರದ ಮೇಲೆ ಹಬ್ಬಿದ ಹೊಗೆ ಕಂಡು ಆ ಹಾಡು ಕಟ್ಟಿದರು. ಕುಣಿಯುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ! ಗೊತ್ತಿರಬೇಕಾಗಿಯೂ ಇಲ್ಲ.

ಈಗ ನಕಲಿನ ಪ್ರಶ್ನೆ. ಗದಗಿನವರಾದ ಭೀಮಸೇನ ಜೋಶಿಯವರು ಪುಣೆಯಲ್ಲಿ ನೆಲೆಸಿ, ಗುರುವಿನ ನೆನಪಿಗೆ 1953ರಲ್ಲಿ ಸವಾಯಿ ಗಂಧರ್ವ ಉತ್ಸವ ಆರಂಭಿಸಿದರು. ಅವರು ಹಾಡಿದ ದಾಸರ ಪದಗಳನ್ನು ಅವರು ಬರೆದಿರಲಿಲ್ಲ. ಅದನ್ನು ನಕಲು ಅಂದವರುಂಟೆ? ಬೀಟಲ್ಸ್ ತಂಡದವರು 1960ರಿಂದ 62ರ ನಡುವೆ ಜರ್ಮನಿಯ ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ಗಂಟೆಗಟ್ಟಲೆ ಪರರ ಹಾಡು ಬಾರಿಸಿಯೇ ಕೈ ಪಳಗಿಸಿಕೊಂಡರು. 1963ರ ಅವರ ಮೊದಲ ಎಲ್‌ಪಿಯ 14 ಹಾಡುಗಳಲ್ಲಿ 6 ಬೇರೆಯವರವು.

ಆದರೂ ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಜೋಶಿಯವರು ಒಂದು ಪದವನ್ನು ಹತ್ತು ರೀತಿ ತಿರುವಿದರೆ ಸಭೆ ‘ವಾಹ್’ ಅಂತಿತ್ತು. ಪಬ್ಬಿನಲ್ಲಿ ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’ದ ಕೊನೆಯಲ್ಲಿ ಎರಡು ಗಿಟಾರುಗಳು ಜೋಡಿಯಾಗಿ ನುಡಿಯುವ ಭಾಗ 1976ರ ರೆಕಾರ್ಡಿನಲ್ಲಿ ಇದ್ದಂತೆಯೇ ಬರಬೇಕು, ಒಂದು ಸ್ವರ ಬೇರೆ ಆದರೆ ಮಂದಿಗೆ ಮೋಸ ಆದ ಹಾಗೆ. ಇದು ಕಲೆಗೆ ಒಳ್ಳೆಯದಲ್ಲ. ಆದರೆ ಈ ಕಟ್ಟು ಹಾಕಿದವರು ಯಾರು? ಬಾರಿಸುವವರಲ್ಲ, ಕೇಳುವ ನಾವು.

ನಾನು ಕಾಮರ್ಸಿನವನು, ಲೆಕ್ಕ ಬಿಡಲಾರೆ. 1957ರ ಕಾಪಿರೈಟ್ ಕಾಯಿದೆಯ ಪ್ರಕಾರ ಪಬ್ಬಿನಂಥ ಜಾಗದಲ್ಲಿ ಪರರ ಹಾಡು ನುಡಿಸಲು ಪರವಾನಗಿ ಬೇಕು. ಹಾಡು ಬರೆದವರ, ರಾಗ ಹಾಕಿದವರ ಪರವಾಗಿ ಈ ಶುಲ್ಕ ವಸೂಲು ಮಾಡಲು ಐಪಿಆರ್‌ಎಸ್ ಎಂಬ ಸಂಸ್ಥೆ 1969ರಿಂದ ಇದೆ. 2012ರ ತಿದ್ದುಪಡಿಯ ಮೇಲೆ ಸಿನಿಮಾ ಹಾಡಿನ ಕವಿ, ಸಂಗೀತಗಾರರ ರಾಯಲ್ಟಿ ಪಾಲನ್ನು ನಿರ್ಮಾಪಕ ಬರೆಸಿಕೊಂಡು ನುಂಗುವಂತಿಲ್ಲ. ಮೋಜು ಅಂದ್ರೆ ಅದೇ ಕಾಯಿದೆ ಮದುವೆಯ ಮೆರವಣಿಗೆಯನ್ನು ಧಾರ್ಮಿಕ ವಿಧಿಯ ಲೆಕ್ಕಕ್ಕೆ ಸೇರಿಸಿ ವಿನಾಯಿತಿ ಕೊಟ್ಟಿದೆ. ಅದೇ ಹಾಡು, ಅದೇ ಅಣ್ಣನ ಕೈ: ವರನ ಕುದುರೆಯ ಮುಂದೆ ಬಾರಿಸಿದರೆ ಶುಲ್ಕವಿಲ್ಲ, ಪಬ್ಬಿನಲ್ಲಿ ಬಾರಿಸಿದರೆ ಉಂಟು.

ಇನ್ನು ಬಾರಿಸಿದವನಿಗೆ ಏನು ಉಳಿಯುತ್ತದೆ? ಒಂದು ರಾತ್ರಿಯ ಸಂಭಾವನೆ ಐದು ಪಾಲಾಗಬೇಕು. ಅದರಲ್ಲಿ ತಾಲೀಮಿನ ಕೋಣೆಯ ಬಾಡಿಗೆ, ಗಿಟಾರಿನ ತಂತಿ, ಮುರಿದ ಡ್ರಮ್ ಕಡ್ಡಿ, ಆಂಪ್ಲಿಫಯರು ಹೊರುವ ರಿಕ್ಷಾ. ಕೆಲಸ ಬಿಟ್ಟು ಇದನ್ನೇ ಹಿಡಿಯುವುದು ಅಣ್ಣನಿಂದ ಆಗದು. ಪೂರ್ತಿ ಇದನ್ನೇ ನಂಬಿದವರ ಗತಿ ಬೆಂಗಳೂರಿನಲ್ಲಿ ಕಂಡಿತು. ಅಲ್ಲಿ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿಗೆಂದು 2005ರಲ್ಲಿ ಪೊಲೀಸು ಆದೇಶ ಒಂದು ಬಂದಿತ್ತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಡಾನ್ಸ್ ಬಾರುಗಳ ಗದ್ದಲದಲ್ಲಿ ಹುಟ್ಟಿದ ಆ ಆದೇಶದ ಬಲೆಗೆ ಗಿಟಾರಿನವರೂ ಬಿದ್ದರು. ಆ ವರ್ಷದ ಮಧ್ಯಕ್ಕೆ ಕಾಗದಪತ್ರ ಹೊಂದಿಸಲಾಗದ ಎಷ್ಟೋ ಪಬ್ಬುಗಳು ಬ್ಯಾಂಡು ನಿಲ್ಲಿಸಿದವು. ರಾತ್ರಿ ನಿದ್ದೆ ಕೆಡುವ ನೆರೆಹೊರೆಯವರ ದೂರೂ ಸುಳ್ಳಲ್ಲ, ಅದನ್ನು ಒಪ್ಪಬೇಕು. ಆದರೆ ಸದ್ದನ್ನು ಮೀಟರಿನಿಂದ ಅಳೆಯಬಹುದು, ಗಿಟಾರನ್ನೇ ಹೊರಗಟ್ಟಬೇಕಿಲ್ಲ. ನಮ್ಮ ಕಡೆ ಬೆಂಜೊದವರನ್ನು ಹೊರಗಟ್ಟಲು ಪೊಲೀಸರೂ ಬೇಕಾಗಿಲ್ಲ. ಆ ಕೆಲಸ ಡಿಜೆ ಪೆಟ್ಟಿಗೆಯೇ ಮಾಡುತ್ತಿದೆ.

ಅಣ್ಣನ ತಂಡದ ಹತ್ತಿರ ಸ್ವಂತದ್ದು ಅಂತ ಎರಡು ಹಾಡುಗಳಿವೆ. ಒಂದು ಹಿಂದಿ. ಇನ್ನೊಂದರ ಪಲ್ಲವಿ ಕನ್ನಡ, ಚರಣ ಮರಾಠಿ, ತಾಳ ತಾಶಾದ್ದು. ಪಬ್ಬಿನ ಮ್ಯಾನೇಜರು ರಾತ್ರಿಗೆ ಒಂದು ಸ್ವಂತ ಹಾಡಿಗೆ ಮಾತ್ರ ಒಪ್ಪುತ್ತಾನೆ, ಅದೂ ಎಲ್ಲರೂ ಊಟದಲ್ಲಿ ತೊಡಗಿದ ಹೊತ್ತಿಗೆ. ನಾನು ಹೋದ ರಾತ್ರಿ ಹಿಂದಿಯದನ್ನು ಹಾಡಿದರು. ಕನ್ನಡದ್ದನ್ನು ತಾಲೀಮಿನ ಕೋಣೆಯಲ್ಲಿ ಮಾತ್ರ ಕೇಳಿದ್ದೇನೆ. ಚೆನ್ನಾಗಿದೆ, ಎರಡನೇ ಚರಣ ಸ್ವಲ್ಪ ಉದ್ದವಾಯಿತು ಅಷ್ಟೇ.