ಹಳೆಯ ಫಿರಂಗಿ: ಹವ್ಯಾಸಿಗಳಿಗೆ ನಾಲ್ಕು ಮಾತು

ಕೇಪಿನ ಕೋವಿಗೆ ಮದ್ದು ತುಂಬುವುದನ್ನು ನಮ್ಮ ಬೆಳೆಗಾರರಲ್ಲಿ ಅನೇಕರು ಮನೆಯಲ್ಲೇ ಕಂಡಿದ್ದೇವೆ. ಫಿರಂಗಿಯ ತತ್ತ್ವವೂ ಅದೇ, ಗಾತ್ರ ಮಾತ್ರ ದೊಡ್ಡದು. ಆದ್ದರಿಂದ ಈ ಹವ್ಯಾಸದ ಬಗ್ಗೆ ಕುತೂಹಲ ಸಹಜ. ಆದರೆ ಎಲ್ಲಿಂದ ಆರಂಭಿಸಬೇಕು?

ನೋಡುವುದರಿಂದ. ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿರುವ ಮಕ್ಕಳ ಮನೆಗೆ ಹೋದಾಗ ಮೆಟ್ರೋ ಹಸಿರು ಮಾರ್ಗ ಹಿಡಿದು ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿಯಿರಿ. ಪಕ್ಕದಲ್ಲೇ ಕೋಟೆಯಿದೆ. 1761ರಲ್ಲಿ ಹೈದರ್ ಅಲಿ ಕಲ್ಲಿನಲ್ಲಿ ಕಟ್ಟಿಸಿದ ಈ ಕೋಟೆಯ ಗೋಡೆಯನ್ನು ಫಿರಂಗಿಗಳಿಂದಲೇ ಒಡೆದು, 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸನ ಸೈನ್ಯ ಒಳನುಗ್ಗಿತು. 2012ರಲ್ಲಿ ಇಲ್ಲಿ ಮೆಟ್ರೋ ಕೆಲಸಕ್ಕೆ ಅಗೆಯುವಾಗ ತಲಾ ಒಂದು ಟನ್ನಿನಷ್ಟು ತೂಗುವ ಎರಡು ಕಬ್ಬಿಣದ ಫಿರಂಗಿಗಳು ಸಿಕ್ಕವು.

ಸಿಡಿಸುವುದನ್ನು ನೋಡಬೇಕಾದರೆ ಮೈಸೂರು ದಸರೆಯೇ ಸರಿ. ಜಂಬೂಸವಾರಿಯ ದಿನ ಪೊಲೀಸರು 21 ಕುಶಾಲತೋಪು ಹಾರಿಸುತ್ತಾರೆ. ಅದಕ್ಕೂ ಮುಂಚೆ ಅನೇಕ ದಿನ ಮದ್ದಿಲ್ಲದೆ ಒಣ ತಾಲೀಮು ನಡೆಯುತ್ತದೆ. ಒಮ್ಮೆ ಸಿಡಿದ ಮೇಲೆ ನಳಿಗೆಯೊಳಗೆ ಒದ್ದೆ ಬಟ್ಟೆಯ ಕೋಲು ಹಾಕಿ ಒರೆಸದೆ ಮತ್ತೆ ಮದ್ದು ತುಂಬಬಾರದು. ಪೆಟ್ಲುಪ್ಪು, ಇದ್ದಲು, ಗಂಧಕ ಸೇರಿದ ಕರಿಮದ್ದು ಪೂರ್ತಿ ಆವಿಯಾಗುವುದಿಲ್ಲ. ತೂಕದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಹೊಗೆಯ ಕಣವಾಗಿ, ಕಿಟ್ಟವಾಗಿ ಉಳಿಯುತ್ತದೆ. ಆ ಕಿಟ್ಟದಲ್ಲಿ ಒಂದು ಕಿಡಿ ಅಡಗಿದ್ದರೂ ಸಾಕು, ಗಜ ಹಿಡಿದವನ ಕೈ ಹೋದಂತೆಯೇ.

ಇನ್ನು, ತೋಟದಲ್ಲಿ ಗುಂಡಿ ತೋಡುವಾಗ ಹಳೆಯ ನಳಿಗೆಯೋ ಗುಂಡೋ ಸಿಕ್ಕಿದರೆ? ತುಕ್ಕಿನ ಕೆಳಗಿನ ಬಿರುಕು ಕಣ್ಣಿಗೆ ಕಾಣದು. ಒಳಗೆ ಮದ್ದು ಉಳಿದಿರಲೂಬಹುದು. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಅನುಭವಿ ಸಂಗ್ರಾಹಕರೊಬ್ಬರು ಸುಮಾರು 140 ವರ್ಷ ಹಳೆಯ ಮದ್ದುಗುಂಡಿನ ತುಕ್ಕು ತೆಗೆಯುವಾಗ ಅದು ಸಿಡಿದು ಪ್ರಾಣ ಕಳೆದುಕೊಂಡರು. ಆದ್ದರಿಂದ ಬಡಿಯಬೇಡಿ, ಕೆರೆಯಬೇಡಿ, ಬೆಂಕಿಯ ಹತ್ತಿರ ಒಯ್ಯಬೇಡಿ, ಗುಜರಿಗೂ ಹಾಕಬೇಡಿ. ಆಳುಗಳನ್ನು ದೂರ ಕಳಿಸಿ ಪೊಲೀಸ್ ಠಾಣೆಗೆ ತಿಳಿಸಿ.

ಕಾನೂನನ್ನೂ ಮರೆಯಬಾರದು. 1959ರ ಆಯುಧ ಕಾಯಿದೆ ತೋಪುಗಳನ್ನು ನಿಷೇಧಿತ ಆಯುಧಗಳಲ್ಲಿ ಸೇರಿಸಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಮನೆಯ ಕೋವಿಗೆ ಮಾತ್ರ, ಫಿರಂಗಿಗಲ್ಲ.

ಕೋಟೆ ಸುತ್ತುವುದು, ನಳಿಗೆಯ ಅಳತೆ ಬರೆದುಕೊಳ್ಳುವುದು, ಊರ ಹಿರಿಯರ ನೆನಪು ಕೇಳುವುದು: ಹವ್ಯಾಸಕ್ಕೆ ಇಷ್ಟು ಧಾರಾಳವಾಯಿತು. ಸಿಡಿಸುವ ಕೆಲಸವನ್ನು ತಾಲೀಮು ಆದವರಿಗೇ ಬಿಡೋಣ.